ಲೆಸ್ಟರನ ಮಾತನ್ನು ಪೂರ್ತಿ ನಂಬಬೇಡಿ: ‘ಅಮೆರಿಕನ್ ಬ್ಯೂಟಿ’ ನೋಡುವ ಬಗೆ

1999ರಲ್ಲಿ ತೆರೆಕಂಡ ‘ಅಮೆರಿಕನ್ ಬ್ಯೂಟಿ’ ಶುರುವಾಗಿ ಕೆಲವೇ ನಿಮಿಷಗಳಲ್ಲಿ ಕಥಾನಾಯಕ ತಾನು ಇನ್ನೊಂದು ವರ್ಷದೊಳಗೆ ಸಾಯುವವನೆಂದು ಹೇಳಿಬಿಡುತ್ತಾನೆ. ಹೆಸರು ಲೆಸ್ಟರ್ ಬರ್ನಮ್, ವಯಸ್ಸು 42. ನಿಯತಕಾಲಿಕವೊಂದರ ಕಚೇರಿಯಲ್ಲಿ ಕೆಲಸ, ಹೆಂಡತಿ, ಹದಿಹರೆಯದ ಮಗಳು, ಕೆಂಪು ಬಾಗಿಲಿನ ಚೆಂದದ ಮನೆ. ಸತ್ತವನೇ ಕೂತು ಕಥೆ ಹೇಳುತ್ತಿರುವಾಗ ಅವನಿಗೆ ಸುಳ್ಳು ಹೇಳಿ ಆಗಬೇಕಾದದ್ದೇನು ಎಂದುಕೊಂಡು ನಾವು ನಂಬುತ್ತೇವೆ. ಅವನು ಹೆಂಡತಿಯನ್ನು ನೋಡಿ ನಕ್ಕರೆ ನಾವೂ ನಗುತ್ತೇವೆ, ಅವನು ಕೆಲಸ ಬಿಸಾಡಿದರೆ ಚಪ್ಪಾಳೆ ತಟ್ಟುತ್ತೇವೆ. ಚಿತ್ರ ಮುಗಿದಾಗ ‘ಪಾಪ, ಬದುಕಲು ಹೊರಟವನನ್ನು ಕೊಂದರು’ ಎಂಬ ಒಂದೇ ಸಾಲಿನ ಅಭಿಪ್ರಾಯದೊಂದಿಗೆ ಎದ್ದು ಬರುತ್ತೇವೆ.

ಈ ಚಿತ್ರದಲ್ಲಿ ಅದಕ್ಕಿಂತ ಹೆಚ್ಚಿನದಿದೆ. ಆದರೆ ಅದನ್ನು ಹುಡುಕಿ ತೆಗೆಯಬೇಕಾದವರು ನಾವು, ಏಕೆಂದರೆ ಲೆಸ್ಟರ್ ಅದನ್ನು ನಮಗೆ ತೋರಿಸುವುದಿಲ್ಲ. ಚಿತ್ರವನ್ನು ಎರಡು ಬಾರಿ ನೋಡುವವರಿಗಾಗಿ ಕೆಳಗಿನ ಕ್ರಮವನ್ನು ಬರೆದಿದ್ದೇನೆ. ಇನ್ನೂ ನೋಡದವರು ಮೂರನೆಯ ಹೆಜ್ಜೆಯವರೆಗೆ ಓದಿ ನಿಲ್ಲಿಸುವುದು ಒಳ್ಳೆಯದು. ಲೆಸ್ಟರ್ ಸಾಯುವುದನ್ನು ಚಿತ್ರವೇ ಮೊದಲು ಹೇಳಿಬಿಡುತ್ತದೆ, ನಿಜ. ಆದರೆ ಕೊಂದವರು ಯಾರೆಂಬುದು ಕೊನೆಯವರೆಗೂ ಗುಟ್ಟು, ಮತ್ತು ಆರನೆಯ ಹೆಜ್ಜೆಯ ಹೊತ್ತಿಗೆ ನಾನು ಅದನ್ನು ಹೇಳಿಬಿಡುತ್ತೇನೆ.

ಹೆಜ್ಜೆ 1: ಯಾರೊಡನೆ, ಯಾವಾಗ

ಚಿತ್ರದ ಅವಧಿ 122 ನಿಮಿಷ. ಅಮೆರಿಕದಲ್ಲಿ ಇದಕ್ಕೆ ‘ಆರ್’ ದರ್ಜೆಯ, ಎಂದರೆ ಹದಿನೇಳರ ಒಳಗಿನವರು ದೊಡ್ಡವರ ಜೊತೆಗಷ್ಟೇ ನೋಡಬಹುದಾದ, ಪ್ರಮಾಣಪತ್ರ ಸಿಕ್ಕಿತ್ತು. ಗಾಂಜಾ, ನಗ್ನತೆ, ಬೈಗುಳ, ಕೊಲೆ ಎಲ್ಲವೂ ಇದೆ. ಮಕ್ಕಳು ಮಲಗಿದ ಮೇಲೆ ನೋಡಿ. ಹದಿನಾರು ಹದಿನೇಳರ ಮಗಳೋ ಮಗನೋ ಮನೆಯಲ್ಲಿದ್ದರೆ ಈ ಎಚ್ಚರ ಇನ್ನಷ್ಟು ಬೇಕು. ಚಿತ್ರದಲ್ಲಿ ಅಪ್ಪನ ನಡತೆಯಿಂದ ನಾಚಿ ಸಾಯುವ ಮಗಳ ವಯಸ್ಸೂ ಅದೇ.

ಗಂಡ ಹೆಂಡತಿ ಒಟ್ಟಿಗೆ ನೋಡಬಹುದೇ? ಖಂಡಿತ ನೋಡಬಹುದು, ಆದರೆ ಆ ದಿನ ಮನೆಯಲ್ಲಿ ಯಾವುದೋ ಜಗಳ ಅರ್ಧಕ್ಕೆ ನಿಂತಿದ್ದರೆ ಬೇಡ. ಯಾವ ದೃಶ್ಯಕ್ಕೆ ಯಾರು ನಕ್ಕರು ಎಂಬುದೇ ಹೊಸ ಜಗಳಕ್ಕೆ ಸಾಕಾಗುತ್ತದೆ.

ಹೆಜ್ಜೆ 2: ಆ ಬೀದಿ ಎಲ್ಲಿಂದ ಬಂತು ಎಂದು ಸ್ವಲ್ಪ ತಿಳಿದುಕೊಳ್ಳಿ

ಚಿತ್ರದ ಮೊದಲ ವಿಶಾಲ ದೃಶ್ಯವನ್ನು ಆಕಾಶದಿಂದ ತೆಗೆಯಲಾಗಿದೆ. ಸಾಲು ಮರ, ಸಾಲು ಮನೆ, ಒಂದೇ ಅಳತೆಗೆ ಕತ್ತರಿಸಿದ ಹುಲ್ಲು. ಊರಿನ ಹೆಸರು ಹೇಳುವುದಿಲ್ಲ, ಹೇಳಬೇಕಾದ ಅಗತ್ಯವೂ ಇಲ್ಲ. ಅಮೆರಿಕದ ಯಾವ ರಾಜ್ಯದಲ್ಲಾದರೂ ಇರಬಹುದಾದ ಉಪನಗರ ಅದು. ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಮನೆ ಮಾಡಿರುವ ನಮ್ಮವರಿಗೆ, ರಜೆಯಲ್ಲಿ ಅವರಲ್ಲಿಗೆ ಹೋಗಿ ಆರು ತಿಂಗಳು ಇದ್ದು ಬಂದ ತಂದೆತಾಯಿಗಳಿಗೆ ಆ ಬೀದಿಯ ನಿಶ್ಶಬ್ದ ಚೆನ್ನಾಗಿ ಗೊತ್ತಿರುತ್ತದೆ. ಉಳಿದವರಿಗೆ ಒಂದಿಷ್ಟು ಇತಿಹಾಸ ಬೇಕು.

ಎರಡನೆಯ ಮಹಾಯುದ್ಧ ಮುಗಿದು ಲಕ್ಷಾಂತರ ಸೈನಿಕರು ಮನೆಗೆ ಮರಳಿದಾಗ ಅವರಿಗೆ ಇರಲು ಮನೆಗಳೇ ಇರಲಿಲ್ಲ. ಸೈನಿಕರಿಗಾಗಿ 1944ರಲ್ಲಿ ಬಂದ ಕಾಯ್ದೆ ಗೃಹಸಾಲವನ್ನು ಸುಲಭ ಮಾಡಿತ್ತು. 1947ರಲ್ಲಿ ನ್ಯೂಯಾರ್ಕ್ ಸಮೀಪದ ಲಾಂಗ್ ಐಲೆಂಡ್‌ನ ಆಲೂಗೆಡ್ಡೆ ಹೊಲಗಳಲ್ಲಿ ಲೆವಿಟ್ ಕಂಪನಿ ಒಂದೇ ನಮೂನೆಯ ಮನೆಗಳನ್ನು ಕಾರ್ಖಾನೆಯ ಶಿಸ್ತಿನಲ್ಲಿ ಕಟ್ಟತೊಡಗಿತು. ಕೆಲವೇ ವರ್ಷಗಳಲ್ಲಿ ಅಲ್ಲಿ 17,000ಕ್ಕೂ ಹೆಚ್ಚು ಮನೆಗಳಾದವು. 1956ರ ಹೆದ್ದಾರಿ ಕಾಯ್ದೆ ಬಂದ ಮೇಲೆ ಕಚೇರಿ ನಗರದಲ್ಲಿ, ಮನೆ ಹೊರಗೆ, ನಡುವೆ ಕಾರು ಎಂಬ ಬದುಕು ಗಟ್ಟಿಯಾಯಿತು. ಲೆವಿಟ್‌ನ ಆ ಬಡಾವಣೆಯ ಕರಾರು ಪತ್ರದಲ್ಲಿ ಬಿಳಿಯರಲ್ಲದವರು ಅಲ್ಲಿ ವಾಸಿಸಬಾರದೆಂಬ ಷರತ್ತೂ ಇತ್ತು. ‘ಅಮೆರಿಕನ್ ಬ್ಯೂಟಿ’ಯ ಬೀದಿಯಲ್ಲಿ ಐವತ್ತು ವರ್ಷಗಳ ಬಳಿಕವೂ ಯಾರ ಮುಖಗಳು ಕಾಣುತ್ತವೆ, ಯಾರವು ಕಾಣುವುದಿಲ್ಲ ಎಂಬುದನ್ನು ನೋಡುವಾಗ ಗಮನಿಸಿ. ಚಿತ್ರ ಈ ಬಗ್ಗೆ ತುಟಿ ಬಿಚ್ಚುವುದಿಲ್ಲ.

ಇನ್ನು ನಡುವಯಸ್ಸಿನ ಬಿಕ್ಕಟ್ಟು. ಕೆನಡಾ ಮೂಲದ ಮನೋವಿಶ್ಲೇಷಕ ಎಲಿಯಟ್ ಜಾಕ್ 1965ರ ಲೇಖನವೊಂದರಲ್ಲಿ ಈ ಹೆಸರನ್ನು ಚಲಾವಣೆಗೆ ತಂದರು. ಸಾವು ಇತರರಿಗಷ್ಟೇ ಬರುವಂಥದ್ದಲ್ಲ, ತನಗೂ ಬರುವಂಥದ್ದು ಎಂದು ಮನುಷ್ಯನಿಗೆ ನಿಜವಾಗಿ ಅರಿವಾಗುವ ಘಟ್ಟ ಅದೆಂಬುದು ಅವರ ವಾದದ ತಿರುಳು. ನಮ್ಮಲ್ಲಿ ಅರವತ್ತಕ್ಕೆ ಅರಳು ಮರಳು ಎನ್ನುತ್ತಾರೆ. ಲೆಸ್ಟರನಿಗೆ ಹದಿನೆಂಟು ವರ್ಷ ಮುಂಚೆಯೇ ಹಿಡಿದಿದೆ.

ಹೆಜ್ಜೆ 3: ಪರದೆ ಮತ್ತು ಧ್ವನಿ ಸರಿಮಾಡಿಕೊಂಡು, ಮೊದಲ ಬಾರಿ ಸುಮ್ಮನೆ ನೋಡಿ

ಮೊಬೈಲಿನಲ್ಲಿ ನೋಡಬೇಡಿ. ಟಿವಿಯಲ್ಲಿ ಚಿತ್ರ ಪರದೆ ತುಂಬಲೆಂದು ಹಿಗ್ಗಿಸುವ ಸೌಲಭ್ಯವಿದ್ದರೆ ಅದನ್ನು ಆಫ್ ಮಾಡಿ, ಮೇಲೆ ಕೆಳಗೆ ಕಪ್ಪು ಪಟ್ಟಿ ಇರಲಿ. ಛಾಯಾಗ್ರಾಹಕ ಕಾನ್ರಾಡ್ ಹಾಲ್ ಅಗಲ ಪರದೆಯ ಅಂಚಿನವರೆಗೂ ಕೆಲಸ ಮಾಡಿದವರು. ಹಿಗ್ಗಿಸಿದರೆ ಊಟದ ಮೇಜಿನ ಎರಡು ತುದಿಯಲ್ಲಿ ಕೂತ ಗಂಡ ಹೆಂಡತಿಯರ ನಡುವಿನ ದೂರವೇ ಕಡಿಮೆಯಾಗುತ್ತದೆ. ಹಾಲ್ ಅವರಿಗೆ ಮೊದಲ ಆಸ್ಕರ್ ಬಂದದ್ದು 1969ರ ಚಿತ್ರವೊಂದಕ್ಕೆ. ಎರಡನೆಯದು ಬಂದದ್ದು ಇದಕ್ಕೆ, ಎಪ್ಪತ್ತು ದಾಟಿದ ಮೇಲೆ.

ಇಂಗ್ಲಿಷ್ ಅಡಿಬರಹ ಹಾಕಿಕೊಳ್ಳಿ, ಏಕೆಂದರೆ ಇಲ್ಲಿ ಜನ ಹಲ್ಲು ಕಚ್ಚಿಕೊಂಡು ಮಾತನಾಡುತ್ತಾರೆ. ಸಾಧ್ಯವಾದರೆ ಹೆಡ್‌ಫೋನ್ ಬಳಸಿ. ಥಾಮಸ್ ನ್ಯೂಮನ್ ಅವರ ಹಿನ್ನೆಲೆ ಸಂಗೀತ ಹೆಚ್ಚಾಗಿ ತಾಳವಾದ್ಯಗಳದು. ಮರಿಂಬಾ, ಕ್ಸೈಲೊಫೋನ್‌ಗಳ ಜೊತೆ ನಮ್ಮ ತಬಲವೂ ಅದರಲ್ಲಿದೆ. ದುಃಖದ ಕುಟುಂಬಕಥೆಗೆ ಪಿಟೀಲು ಸುರಿಸುವ ಹಾಲಿವುಡ್ ಅಭ್ಯಾಸ ಬಿಟ್ಟು ಅವರು ಕುಣಿಯುವ, ತುಸು ಗೇಲಿ ಮಾಡುವ ತಾಳವನ್ನು ಕೊಟ್ಟಿದ್ದಾರೆ. ಪಿಯಾನೊ ಒಬ್ಬಂಟಿಯಾಗಿ ಕೇಳಿಸಿದಾಗ ಮಾತ್ರ ಚಿತ್ರ ಗೇಲಿ ನಿಲ್ಲಿಸಿದೆ ಎಂದು ತಿಳಿಯಿರಿ.

ಮೊದಲ ಸಲ ನೋಡುವಾಗ ಟಿಪ್ಪಣಿ ಬೇಡ, ವಿರಾಮವೂ ಬೇಡ. ಲೆಸ್ಟರನ ಪಕ್ಷ ವಹಿಸಿ ನೋಡಿ. ಅವನು ತಮಾಷೆಯ ಮನುಷ್ಯ, ಅವನ ಮೇಲಧಿಕಾರಿ ನಿಜವಾಗಿಯೂ ಸಹಿಸಲಾಗದವನು. ನಗು ಬಂದಲ್ಲಿ ನಕ್ಕುಬಿಡಿ. ಎರಡನೆಯ ಸಲ ಆ ನಗುವಿನ ಲೆಕ್ಕ ಕೇಳುವುದಿದೆ.

ಹೆಜ್ಜೆ 4: ಲೆಸ್ಟರನ ಪಟ್ಟಿ ಬರೆಯಿರಿ

ಮೊದಲ ನೋಟ ಮುಗಿದ ಮೇಲೆ, ಮರುದಿನ ಬೇಕಾದರೂ ಆದೀತು, ಒಂದು ಹಾಳೆಯಲ್ಲಿ ಲೆಸ್ಟರ್ ಮಾಡುವ ಕೆಲಸಗಳನ್ನು ಅನುಕ್ರಮವಾಗಿ ಬರೆಯಿರಿ. ಮಗಳ ಗೆಳತಿ ಏಂಜೆಲಾಳನ್ನು ಶಾಲೆಯ ಕ್ರೀಡಾಂಗಣದಲ್ಲಿ ನೋಡಿ ಮರುಳಾಗುತ್ತಾನೆ. ಅವಳ ಮಾತನ್ನು ಕದ್ದು ಕೇಳಿ ಗ್ಯಾರೇಜಿನಲ್ಲಿ ವ್ಯಾಯಾಮ ಶುರು ಮಾಡುತ್ತಾನೆ. ಪಕ್ಕದ ಮನೆಯ ಹುಡುಗ ರಿಕಿಯಿಂದ ಗಾಂಜಾ ಕೊಳ್ಳುತ್ತಾನೆ. ಮೇಲಧಿಕಾರಿಯನ್ನು ಬೆದರಿಸಿ ಒಂದು ವರ್ಷದ ಸಂಬಳ ಪಡೆದು ಕೆಲಸ ಬಿಡುತ್ತಾನೆ. ಅತಿ ಕಡಿಮೆ ಜವಾಬ್ದಾರಿಯ ಕೆಲಸ ಬೇಕೆಂದು ಬರ್ಗರ್ ಅಂಗಡಿಯಲ್ಲಿ ಸೇರುತ್ತಾನೆ. ಮನೆಯ ಕಾರು ಕೊಟ್ಟು 1970ರ ಕೆಂಪು ಪಾಂಟಿಯಾಕ್ ಫೈರ್‌ಬರ್ಡ್ ತರುತ್ತಾನೆ.

ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಅಂಕಣ ಮಾಡಿ, ಪ್ರತಿಯೊಂದಕ್ಕೂ ಬೆಲೆ ತೆತ್ತವರು ಯಾರೆಂದು ಬರೆಯಿರಿ. ಈ ಅಂಕಣದಲ್ಲಿ ಲೆಸ್ಟರನ ಹೆಸರು ಅಪರೂಪಕ್ಕೆ ಬರುತ್ತದೆ. ಅವನ ಬಿಡುಗಡೆಗೆ ಸುಮಾರು 60,000 ಡಾಲರ್‌ಗಳ ಮೆತ್ತೆ ಇದೆ. ಅವನು ಬಿಟ್ಟ ಮನೆಸಾಲದ ಹೊರೆ ಹೆಂಡತಿಯ ಹೆಗಲಿಗೆ ಬಂತು, ನಾಚಿಕೆ ಮಗಳ ಪಾಲಾಯಿತು. ಕೆಲಸ ಬಿಡುವ ದೃಶ್ಯದಲ್ಲಿ ಅವನು ಮಾಡುವುದು ಶುದ್ಧ ಬ್ಲ್ಯಾಕ್‌ಮೇಲ್. ಸಾಮಾನ್ಯ ನೌಕರನೊಬ್ಬನಿಗೆ ಅದು ಸಾಧ್ಯವೇ ಎಂದು ಕೇಳಿಕೊಳ್ಳಿ. 1999ರಲ್ಲಿ ಹಾಲಿವುಡ್‌ನಿಂದ ಕಚೇರಿಯ ಡಬ್ಬಿಯೊಳಗೆ ಕೂತು ಬೇಸತ್ತ ಗಂಡಸರ ಹಲವು ಚಿತ್ರಗಳು ಸಾಲಾಗಿ ಬಂದವು. ಆರ್ಥಿಕತೆ ಚೆನ್ನಾಗಿದ್ದ ಕಾಲವದು, ಕೆಲಸ ಬಿಡುವ ಕನಸು ಕಾಣಲು ಕೆಲಸ ಇದ್ದೇ ಇತ್ತು. 2008ರ ಆರ್ಥಿಕ ಕುಸಿತದ ನಂತರ ಇಂಥ ಕಥೆ ಬರೆದಿದ್ದರೆ ಪ್ರೇಕ್ಷಕರು ಅಷ್ಟು ಸುಲಭವಾಗಿ ಚಪ್ಪಾಳೆ ತಟ್ಟುತ್ತಿರಲಿಲ್ಲ ಎಂದು ನನ್ನ ಊಹೆ.

ಹೆಜ್ಜೆ 5: ಎರಡನೆಯ ಬಾರಿ ಕ್ಯಾರೊಲಿನ್‌ಳ ಜೊತೆ ನೋಡಿ

ಈ ಲೇಖನ ಬರೆದದ್ದೇ ಈ ಹೆಜ್ಜೆಗಾಗಿ, ಆದ್ದರಿಂದ ಇಲ್ಲಿ ಸಾವಕಾಶವಾಗಿ ಹೋಗೋಣ.

ಕ್ಯಾರೊಲಿನ್ ಪಾತ್ರವನ್ನು ಮಾಡಿದವರು ಆನೆಟ್ ಬೆನಿಂಗ್. ನಮಗೆ ಅವಳ ಪರಿಚಯ ಮಾಡಿಸುವವನು ಲೆಸ್ಟರ್: ತೋಟದಲ್ಲಿ ಗುಲಾಬಿ ಕತ್ತರಿಸುತ್ತಿದ್ದಾಳೆ, ಅವಳ ಕತ್ತರಿಯ ಹಿಡಿಯ ಬಣ್ಣಕ್ಕೂ ಕಾಲಿನ ಪಾದರಕ್ಷೆಯ ಬಣ್ಣಕ್ಕೂ ಹೊಂದಿಕೆ ಇದೆ, ಅದು ಆಕಸ್ಮಿಕವಲ್ಲ ನೋಡಿ ಎಂದು ಅವನು ಬೊಟ್ಟು ಮಾಡುತ್ತಾನೆ. ಒಂದೇ ಏಟಿಗೆ ಅವಳು ಹಾಸ್ಯದ ವಸ್ತುವಾದಳು. ಎರಡನೆಯ ಸಲ ನೋಡುವಾಗ ಈ ಕ್ಷಣದಿಂದಲೇ ಅವನ ಧ್ವನಿಯನ್ನು ಪಕ್ಕಕ್ಕಿಟ್ಟು ಅವಳ ಮುಖ ನೋಡಿ.

ಅವಳು ಮನೆ ಮಾರಿಸುವ ಏಜೆಂಟ್. ಒಂದು ದಿನ ಮಾರಾಟಕ್ಕಿರುವ ಮನೆಯೊಂದಕ್ಕೆ ಹೋಗಿ, ಹೊರಬಟ್ಟೆ ತೆಗೆದಿಟ್ಟು, ಒಳಲಂಗದಲ್ಲೇ ನೆಲ ಉಜ್ಜಿ, ಗಾಜು ಒರೆಸಿ, ಇವತ್ತು ಈ ಮನೆ ಮಾರಿಯೇ ತೀರುತ್ತೇನೆಂದು ತನಗೆ ತಾನೇ ಜಪದಂತೆ ಹೇಳಿಕೊಳ್ಳುತ್ತಾಳೆ. ಬಂದವರೊಬ್ಬರೂ ಕೊಳ್ಳುವುದಿಲ್ಲ. ಜಾಹೀರಾತಿನಲ್ಲಿ ಬರೆದಷ್ಟು ಸೊಗಸಾಗಿ ಈಜುಕೊಳ ಇಲ್ಲವೆಂದು ಆಕ್ಷೇಪ. ಸಂಜೆ ಎಲ್ಲರೂ ಹೋದ ಮೇಲೆ ಬಾಗಿಲಿನ ಉದ್ದ ಪರದೆ ಎಳೆದು ಅಳುತ್ತಾಳೆ, ಅತ್ತದ್ದಕ್ಕೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳುತ್ತಾಳೆ, ಬೈದುಕೊಳ್ಳುತ್ತಾಳೆ, ಸುಮ್ಮನಾಗುತ್ತಾಳೆ, ಹೊರಗೆ ನಡೆಯುತ್ತಾಳೆ. ಇಡೀ ಚಿತ್ರದಲ್ಲಿ ಇದಕ್ಕಿಂತ ನಿಜವಾದ ನಿಮಿಷಗಳು ಇನ್ನೊಂದಿಲ್ಲ. ಈ ದೃಶ್ಯದಲ್ಲಿ ಲೆಸ್ಟರ್ ಇಲ್ಲ ಎಂಬುದನ್ನು ಗುರುತು ಹಾಕಿಕೊಳ್ಳಿ. ಅವನು ಇದನ್ನು ಎಂದೂ ನೋಡಲಿಲ್ಲ, ಅವನಿಗೆ ಇದು ಗೊತ್ತೂ ಇಲ್ಲ.

ಮುಂದೆ ಊಟದ ಮೇಜಿನ ಪ್ರಸಿದ್ಧ ದೃಶ್ಯ. ಲೆಸ್ಟರ್ ಕೆಲಸ ಬಿಟ್ಟ ಸುದ್ದಿಯನ್ನು ಸಾಂಬಾರಿಗೆ ಉಪ್ಪು ಕೇಳಿದಷ್ಟು ಹಗುರವಾಗಿ ಹೇಳುತ್ತಾನೆ. ಇನ್ನು ಮೇಲೆ ಇಡೀ ಸಂಸಾರ ತನ್ನೊಬ್ಬಳ ದುಡಿಮೆಯಲ್ಲಿ ನಡೆಯಬೇಕಲ್ಲ ಎಂದು ಅವಳು ಎಗರಾಡುತ್ತಾಳೆ. ಮಾತಿಗೆ ಮಾತು ಬೆಳೆದು ಅವನು ಆಸ್ಪರಾಗಸ್ ತಟ್ಟೆಯನ್ನು ಗೋಡೆಗೆ ಬೀಸುತ್ತಾನೆ. ಮೊದಲ ಸಲ ನೋಡುವಾಗ ಬಹಳಷ್ಟು ಜನ ಇಲ್ಲಿ ನಗುತ್ತಾರೆ, ಏಕೆಂದರೆ ತಟ್ಟೆ ಎಸೆದ ಮೇಲೆ ಅವನು ಏನೂ ಆಗದವನಂತೆ ಕೂರುತ್ತಾನೆ. ಎರಡನೆಯ ಸಲ ಕ್ಯಾಮೆರಾ ಎಲ್ಲಿ ನಿಂತಿದೆ ನೋಡಿ. ಮೇಜು ನಟ್ಟನಡುವೆ, ಎರಡು ತುದಿಯಲ್ಲಿ ಅಪ್ಪ ಅಮ್ಮ, ನಡುವೆ ಮಗಳು, ಸರಿಯಾಗಿ ಅಳೆದಿಟ್ಟ ಸಮಾನ ಅಂತರ. ನಾಟಕದ ರಂಗದಂತೆ ಕಾಣಿಸಿದರೆ ಆಶ್ಚರ್ಯವಿಲ್ಲ. ನಿರ್ದೇಶಕ ಸ್ಯಾಮ್ ಮೆಂಡಿಸ್ ಇಂಗ್ಲೆಂಡಿನ ರಂಗಭೂಮಿಯಿಂದ ಬಂದವರು, ಇದು ಅವರ ಮೊದಲ ಸಿನಿಮಾ. ಶುರುವಿನ ದಿನಗಳ ಚಿತ್ರೀಕರಣ ತಮಗೇ ಹಿಡಿಸದೆ, ಆ ದೃಶ್ಯಗಳನ್ನು ಮತ್ತೆ ತೆಗೆಯಲು ಅನುಮತಿ ಕೇಳಿ ಪಡೆದುಕೊಂಡರು. ಹೊಸಬನೊಬ್ಬನಿಗೆ ಅದು ಸಣ್ಣ ಧೈರ್ಯವಲ್ಲ.

ಆ ಊಟದ ಬಳಿಕ ಕ್ಯಾರೊಲಿನ್ ಮಗಳ ಕೋಣೆಗೆ ಹೋಗುತ್ತಾಳೆ. ಜೇನ್‌ಳ ಮಾತಿಗೆ ರೇಗಿ ಕೆನ್ನೆಗೆ ಹೊಡೆಯುತ್ತಾಳೆ. ನಿನ್ನ ವಯಸ್ಸಿನಲ್ಲಿ ನಮಗೆ ಸ್ವಂತ ಮನೆಯೂ ಇರಲಿಲ್ಲ, ಎರಡು ಸಂಸಾರಗಳ ಜೋಡಿಮನೆಯಲ್ಲಿದ್ದೆವು ಎಂಬರ್ಥದ ಮಾತು ಅಲ್ಲಿ ಬರುತ್ತದೆ. ಕಣ್ಣು ಮಿಟುಕಿಸಿದರೆ ತಪ್ಪಿಹೋಗುವ ಸಾಲು, ಅವಳ ಬಾಲ್ಯದ ಬಗ್ಗೆ ಚಿತ್ರ ಕೊಡುವ ಒಂದೇ ಸುಳಿವು. ಆ ಮನೆ, ಆ ಗುಲಾಬಿ, ಇಟಲಿಯ ರೇಷ್ಮೆ ಹೊದಿಸಿದ 4,000 ಡಾಲರಿನ ಸೋಫಾ ಇವೆಲ್ಲ ಅವಳಿಗೆ ಏನಾಗಿದ್ದವು ಎಂದು ಈ ಸಾಲನ್ನು ಹಿಡಿದುಕೊಂಡು ಯೋಚಿಸಿ. ಲೆಸ್ಟರನ ಕಣ್ಣಿಗೆ ಅದು ಬರೀ ಸಾಮಾನು. ಬಾಡಿಗೆ ಮನೆಯಲ್ಲಿ ಬೆಳೆದು ಐವತ್ತರ ಹತ್ತಿರ ಸೈಟು ಕೊಂಡು ಮನೆ ಕಟ್ಟಿಸಿದ ಯಾರನ್ನಾದರೂ ಕೇಳಿ ನೋಡಿ, ಅವರು ಕ್ಯಾರೊಲಿನ್‌ಳ ಪರ ನಿಲ್ಲುತ್ತಾರೆ.

ಸೋಫಾದ ದೃಶ್ಯಕ್ಕೆ ಎರಡು ಸಲ ನೋಡುವ ಅರ್ಹತೆಯಿದೆ. ಗಂಡ ಅಪರೂಪಕ್ಕೆ ಪ್ರೀತಿಯಿಂದ ಹತ್ತಿರ ಬರುತ್ತಾನೆ. ಪಾರ್ಟಿಗಳಲ್ಲಿ ಬೇಸರವಾದರೆ ಮೂರ್ಛೆ ಬಂದಂತೆ ನಟಿಸುತ್ತಿದ್ದ ಆ ಹುಡುಗಿ ಎಲ್ಲಿ ಹೋದಳು ಎಂದು ಕೇಳುತ್ತಾನೆ. ಅವಳ ಮುಖ ಅರಳುತ್ತದೆ. ಅಷ್ಟರಲ್ಲಿ ಅವನ ಕೈಯ ಬಿಯರ್ ಸೋಫಾ ಮೇಲೆ ಚೆಲ್ಲೀತು ಎಂದು ಅವಳ ಬಾಯಿಂದ ಎಚ್ಚರಿಕೆ ಹೊರಬೀಳುತ್ತದೆ, ಕ್ಷಣ ಒಡೆದುಹೋಗುತ್ತದೆ. ತಪ್ಪು ಅವಳದೆಂಬಂತೆ ದೃಶ್ಯ ಹೆಣೆದಿದ್ದಾರೆ. ಆದರೆ ಇದಕ್ಕೆ ಸ್ವಲ್ಪ ಮುಂಚೆ ಅವಳು ಒಳಗೆ ಬಂದಾಗ ಎದುರಾದದ್ದೇನು? ತನ್ನನ್ನು ಒಂದು ಮಾತೂ ಕೇಳದೆ ಕಾರು ಬದಲಿಸಿ, ಆಟಿಕೆ ಕಾರನ್ನು ರಿಮೋಟಿನಲ್ಲಿ ಅವಳ ಕಾಲ ಬಳಿ ಓಡಿಸುತ್ತ ಕೂತ ಗಂಡ. ಒಂದು ಲೋಟ ಬಿಯರಿಗೆ ಹೆದರುವುದು ಅಂಥ ಮನೆಯಲ್ಲಿ ಸಹಜವೇ.

ಈಗ ಲೆಸ್ಟರನ ಪಟ್ಟಿಯ ಪಕ್ಕದಲ್ಲಿ ಕ್ಯಾರೊಲಿನ್‌ಳದನ್ನೂ ಇಡಿ. ಅವಳೂ ಬೇರೊಬ್ಬನತ್ತ ಹೋಗುತ್ತಾಳೆ. ಅವನು ಮನೆ ಮಾರಾಟದಲ್ಲಿ ಊರಿಗೇ ರಾಜನೆನಿಸಿಕೊಂಡ ಬಡ್ಡಿ ಕೇನ್. ಅವಳೂ ಹೊಸ ಹವ್ಯಾಸ ಹಿಡಿಯುತ್ತಾಳೆ, ಪಿಸ್ತೂಲಿನ ಗುರಿ ಅಭ್ಯಾಸ. ಅವಳೂ ಕಾರಿನಲ್ಲಿ ಗಟ್ಟಿಯಾಗಿ ಹಾಡಿಕೊಳ್ಳುತ್ತಾಳೆ. ಬಿಕ್ಕಟ್ಟು ಇಬ್ಬರಿಗೂ ಒಂದೇ, ಒಂದೇ ವಯಸ್ಸು, ಒಂದೇ ಮನೆ. ಆದರೆ ಅವನದನ್ನು ಚಿತ್ರ ಬಿಡುಗಡೆ ಎಂದು ತೋರಿಸಿದರೆ, ಅವಳದನ್ನು ಪ್ರಹಸನವಾಗಿ ತೋರಿಸುತ್ತದೆ. ಅವಳ ಪ್ರಣಯ ಬಯಲಾಗುವುದೂ ಬರ್ಗರ್ ಅಂಗಡಿಯ ಕಿಟಕಿಯಲ್ಲಿ, ಟೋಪಿ ಹಾಕಿಕೊಂಡು ನಿಂತ ಗಂಡನ ಎದುರು. ಆನೆಟ್ ಬೆನಿಂಗ್ ಇದನ್ನು ಅರಿತೇ ಅಭಿನಯಿಸಿದ್ದಾರೆ ಎಂದು ನನಗೆ ಅನಿಸುತ್ತದೆ. ಬರವಣಿಗೆ ಅವಳನ್ನು ಗೇಲಿ ಮಾಡಿದ ಕಡೆಯಲ್ಲೆಲ್ಲ ಅವರ ಕಣ್ಣು ಅದನ್ನು ಒಪ್ಪುವುದಿಲ್ಲ. ಆಸ್ಕರ್ ಸಮಾರಂಭದಲ್ಲಿ ಚಿತ್ರಕ್ಕೆ ಐದು ಪ್ರಶಸ್ತಿಗಳು ಬಂದವು: ಅತ್ಯುತ್ತಮ ಚಿತ್ರ, ನಿರ್ದೇಶನ, ನಟ, ಮೂಲ ಚಿತ್ರಕಥೆ, ಛಾಯಾಗ್ರಹಣ. ಬೆನಿಂಗ್ ಅವರದು ನಾಮನಿರ್ದೇಶನಕ್ಕೇ ನಿಂತಿತು. ಬ್ರಿಟನ್ನಿನ ಬಾಫ್ಟಾ ಅವರಿಗೆ ಅತ್ಯುತ್ತಮ ನಟಿ ಗೌರವ ಕೊಟ್ಟಿತು.

ಹೆಜ್ಜೆ 6: ಕಿಟಕಿಗಳನ್ನು ಎಣಿಸಿ

ಚಿತ್ರದ ಜಾಹೀರಾತಿನಲ್ಲೂ ಲೆಸ್ಟರನ ಕಚೇರಿಯ ಗೋಡೆಯಲ್ಲೂ ಒಂದು ಸೂಚನೆ ಇದೆ, ಇನ್ನೂ ಹತ್ತಿರದಿಂದ ನೋಡಿ ಎಂದು. ಅದನ್ನು ಪಾಲಿಸುವ ಸುಲಭ ವಿಧಾನವೆಂದರೆ ಯಾರು ಯಾರನ್ನು ಯಾವ ಚೌಕಟ್ಟಿನೊಳಗಿನಿಂದ ನೋಡುತ್ತಾರೆ ಎಂದು ಗುರುತು ಮಾಡುತ್ತ ಹೋಗುವುದು. ಶುರುವಿನಲ್ಲೇ ಕಚೇರಿಯ ಕಂಪ್ಯೂಟರ್ ಪರದೆಯಲ್ಲಿ ಲೆಸ್ಟರನ ಪ್ರತಿಬಿಂಬ, ಅದರ ಮೇಲೆ ಜೈಲಿನ ಸರಳುಗಳಂತೆ ಅಂಕಿಗಳ ಸಾಲು. ರಿಕಿ ತನ್ನ ಕ್ಯಾಮೆರಾದ ಚೌಕಟ್ಟಿನಲ್ಲಿ ಜೇನ್‌ಳನ್ನು ನೋಡುತ್ತಾನೆ. ಹಾಲ್ ಅವರ ಕ್ಯಾಮೆರಾ ಬಹುತೇಕ ಅಲ್ಲಾಡದೆ, ಅಚ್ಚುಕಟ್ಟಾಗಿ ನಿಂತಿದ್ದರೆ, ರಿಕಿಯ ವಿಡಿಯೊ ಕೈ ನಡುಗಿಸುತ್ತ ಹತ್ತಿರ ಹೋಗುತ್ತದೆ. ಗಾಳಿಗೆ ಸಿಕ್ಕ ಪ್ಲಾಸ್ಟಿಕ್ ಚೀಲ ಕುಣಿಯುವ ಅವನ ವಿಡಿಯೊ ಚಿತ್ರದಷ್ಟೇ ಪ್ರಸಿದ್ಧವಾಯಿತು, ಅದಕ್ಕಿಂತ ಹೆಚ್ಚಾಗಿ ಅಣಕಕ್ಕೂ ಗುರಿಯಾಯಿತು. ಚಿತ್ರಕಥೆಗಾರ ಆಲನ್ ಬಾಲ್ ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರ್ ಬಳಿ ಅಂಥದೊಂದು ಚೀಲವನ್ನು ನಿಜವಾಗಿ ಕಂಡಿದ್ದರು. ಆ ದೃಶ್ಯದಲ್ಲಿ ರಿಕಿಯ ಮಾತು ತುಸು ಅತಿಯಾಯಿತು ಎಂದು ನಿಮಗನಿಸಿದರೆ ನನ್ನದೂ ಅದೇ ಅಭಿಪ್ರಾಯ. ಚೀಲ ತಾನಾಗಿಯೇ ಸಾಕಿತ್ತು.

ರಿಕಿಯ ಮನೆಗೆ ಹೋಗೋಣ. ತಂದೆ ಫ್ರಾಂಕ್ ಫಿಟ್ಸ್ ನೌಕಾಪಡೆಯ ಮರೀನ್ ದಳದ ನಿವೃತ್ತ ಕರ್ನಲ್. ಮಗನ ಮೂತ್ರ ಪರೀಕ್ಷೆ ಮಾಡಿಸಿ ಮಾದಕವಸ್ತು ಸೇವನೆ ಹುಡುಕುವವನು, ಬೀರುವಿನಲ್ಲಿ ನಾತ್ಸಿ ಲಾಂಛನದ ತಟ್ಟೆ ಇಟ್ಟುಕೊಂಡವನು. ತಾಯಿ ಬಾರ್ಬರಾ ಎದ್ದುಬಿದ್ದು ಶುಚಿಯಾಗಿಟ್ಟ ಮನೆಯನ್ನು ತೋರಿಸಿ, ಮನೆಯ ಅವ್ಯವಸ್ಥೆಗೆ ಕ್ಷಮಿಸಿ ಎನ್ನುತ್ತಾಳೆ. ಅಲಿಸನ್ ಜಾನಿ ಈ ಪಾತ್ರದಲ್ಲಿ ಕೆಲವೇ ಮಾತು ಆಡಿದ್ದಾರೆ, ಆದರೂ ಆ ಮನೆಯಲ್ಲಿ ಏನೇನು ನಡೆದಿದೆ ಎಂದು ಅಷ್ಟರಲ್ಲೇ ಗೊತ್ತಾಗುತ್ತದೆ.

ಬೀದಿಗೆ ಹೊಸದಾಗಿ ಬಂದ ಅವರನ್ನು ಸ್ವಾಗತಿಸಲು ಬುಟ್ಟಿ ಹಿಡಿದು ಬರುವವರು ಇಬ್ಬರು ಜಿಮ್‌ಗಳು, ಒಟ್ಟಿಗೆ ಬಾಳುವ ಇಬ್ಬರು ಗಂಡಸರು. ಸಂಗಾತಿಗಳು ಎಂಬ ಅವರ ಮಾತನ್ನು ಕರ್ನಲ್ ವ್ಯಾಪಾರದ ಪಾಲುದಾರರು ಎಂದು ತಿಳಿಯುತ್ತಾನೆ. ಈ ನಗೆಹನಿಯೊಳಗೆ ಕೊನೆಯ ಅನಾಹುತದ ಬೀಜವಿದೆ. ಅಮೆರಿಕದ ಸೈನ್ಯದಲ್ಲಿ ಸಲಿಂಗಿಗಳು ತಮ್ಮ ಒಲವನ್ನು ಬಚ್ಚಿಟ್ಟರಷ್ಟೇ ಉಳಿಯಬಹುದೆಂಬ ನಿಯಮ 1993ರಲ್ಲಿ ಬಂದು 2011ರವರೆಗೆ ಜಾರಿಯಲ್ಲಿತ್ತು. ಕರ್ನಲ್ ಇಡೀ ಬದುಕನ್ನು ಅಂಥ ಜಗತ್ತಿನಲ್ಲೇ ಕಳೆದವನು. ಒಂದು ರಾತ್ರಿ ಅವನು ತನ್ನ ಮನೆಯ ಕಿಟಕಿಯಿಂದ ಲೆಸ್ಟರನ ಗ್ಯಾರೇಜಿನತ್ತ ನೋಡುತ್ತಾನೆ. ನಡುವೆ ಗೋಡೆಯ ತುಂಡೊಂದು ಅಡ್ಡ ಬರುತ್ತದೆ. ಗಾಂಜಾ ಸುತ್ತುತ್ತಿರುವ ಮಗನೂ ಒರಗಿ ಕೂತ ಲೆಸ್ಟರನೂ ಅವನ ಕಣ್ಣಿಗೆ ಬೇರೆಯೇ ಆಗಿ ಕಾಣುತ್ತಾರೆ. ಇಲ್ಲಿ ಚಿತ್ರವನ್ನು ನಿಲ್ಲಿಸಿ, ಎರಡು ಕಿಟಕಿಗಳ ನಡುವೆ ಯಾವುದು ಮರೆಯಾಗಿದೆ ಎಂದು ನೋಡಿ. ಮುಂದೆ ರಿಕಿ ಅಪ್ಪನಿಗೆ ಹೇಳುವ ಸುಳ್ಳು, ಮಳೆಯಲ್ಲಿ ನೆನೆದು ಗ್ಯಾರೇಜಿಗೆ ಬರುವ ಕರ್ನಲ್‌ನ ಮುತ್ತು, ಅವನ ಗುಂಡು ಎಲ್ಲವೂ ಆ ಗೋಡೆತುಂಡಿನಿಂದ ಹುಟ್ಟಿದವು. ಕರ್ನಲ್ ಪಾತ್ರದ ಕ್ರಿಸ್ ಕೂಪರ್ ಮುಖ ಬಿಗಿದುಕೊಂಡು ನಿಂತ ಆ ನಿಮಿಷವನ್ನು ತಪ್ಪಿಸಬೇಡಿ.

ಹೆಜ್ಜೆ 7: ಕೆಂಪನ್ನು ಹಿಂಬಾಲಿಸಿ, ಆದರೆ ಹುಚ್ಚರಾಗಬೇಡಿ

ಮನೆಯ ಬಾಗಿಲು, ತೋಟದ ಮತ್ತು ಮೇಜಿನ ಗುಲಾಬಿ, ಲೆಸ್ಟರನ ಹಗಲುಗನಸಿನ ಪಕಳೆ, ಫೈರ್‌ಬರ್ಡ್, ಕೊನೆಗೆ ಬಿಳಿ ಗೋಡೆಯ ಮೇಲಿನ ನೆತ್ತರು. ಕೆಂಪು ಎಲ್ಲಿ ಬಂದರೂ ಯಾರದೋ ಆಸೆ ಅಲ್ಲಿದೆ. ಇಷ್ಟು ಸಾಕು, ಪ್ರತಿ ಕೆಂಪು ಟೊಮೇಟೊಗೂ ಅರ್ಥ ಹುಡುಕಿದರೆ ಸಿನಿಮಾ ಕೈತಪ್ಪುತ್ತದೆ. ಚಿತ್ರಕ್ಕೆ ಹೆಸರು ಕೊಟ್ಟ ಗುಲಾಬಿ ತಳಿ ಹುಟ್ಟಿದ್ದು ಫ್ರಾನ್ಸಿನಲ್ಲಿ ಎಂಬುದು ಬೇಕಾದರೆ ಸ್ನೇಹಿತರ ನಡುವೆ ಹೇಳಿಕೊಳ್ಳಲು ಒಂದು ಸಂಗತಿ.

ಹೆಜ್ಜೆ 8: ಏಂಜೆಲಾಳ ವಿಷಯವನ್ನು ತಪ್ಪಿಸಿಕೊಳ್ಳಬೇಡಿ

ನಲವತ್ತೆರಡರ ಗಂಡಸು ಶಾಲೆಗೆ ಹೋಗುವ ಹುಡುಗಿಯ ಕನಸು ಕಾಣುತ್ತಾನೆ, ಚಿತ್ರ ಆ ಕನಸನ್ನು ಸೊಗಸಾಗಿ ಅಲಂಕರಿಸಿ ತೋರಿಸುತ್ತದೆ. ಇದು ಮುಜುಗರ ತರುತ್ತದೆ, ತರಬೇಕು. ಅಲಂಕಾರ ಲೆಸ್ಟರನ ತಲೆಯೊಳಗಿನದು ಎಂದು ಚಿತ್ರದ ಪರವಾಗಿ ವಾದಿಸಬಹುದು. ಕ್ರೀಡಾಂಗಣದ ಜನರೆಲ್ಲ ಮಾಯವಾಗಿ ಅವಳೊಬ್ಬಳೇ ಉಳಿಯುವುದು ಅವನೊಬ್ಬನ ಕಣ್ಣಿಗೆ ಮಾತ್ರ. ಕೊನೆಯಲ್ಲಿ ತನ್ನ ಜಂಭವೆಲ್ಲ ಸುಳ್ಳೆಂದು ಅವಳು ಒಪ್ಪಿಕೊಂಡಾಗ ಅವನಿಗೆ ಎದುರಿಗಿರುವುದು ಹೆದರಿದ ಮಗು ಎಂದು ಕಾಣುತ್ತದೆ. ನಿಲ್ಲುತ್ತಾನೆ, ಹೊದಿಸುತ್ತಾನೆ, ತಿನ್ನಲು ಕೊಡುತ್ತಾನೆ, ಮಗಳು ಹೇಗಿದ್ದಾಳೆಂದು ಅವಳನ್ನು ಕೇಳುತ್ತಾನೆ. ತನ್ನದೇ ಮನೆಯಲ್ಲಿರುವ ಮಗಳ ಸುದ್ದಿಯನ್ನು ಬೇರೆಯವರ ಬಾಯಿಂದ ತಿಳಿಯುವ ಆ ಪ್ರಶ್ನೆಯಲ್ಲಿ ಮಾತ್ರ ಲೆಸ್ಟರ್ ಅಪ್ಪನಾಗಿ ಕಾಣುತ್ತಾನೆ. ಆದರೂ ಅಷ್ಟು ಹೊತ್ತು ಕ್ಯಾಮೆರಾ ಆ ಹುಡುಗಿಯನ್ನು ನೋಡಿದ ರೀತಿಗೆ ಅವನ ತಲೆಯೊಂದೇ ಹೊಣೆಯೇ ಎಂಬ ಪ್ರಶ್ನೆ ಉಳಿಯುತ್ತದೆ. ನನ್ನ ಮಟ್ಟಿಗೆ ಚಿತ್ರ ಇಲ್ಲಿ ಪೂರ್ತಿ ಪಾರಾಗುವುದಿಲ್ಲ.

ಲೆಸ್ಟರ್ ಆದ ನಟ ಕೆವಿನ್ ಸ್ಪೇಸಿ ವಿರುದ್ಧ 2017ರಿಂದ ಹಲವರು ಲೈಂಗಿಕ ದುರ್ವರ್ತನೆಯ ಆರೋಪ ಮಾಡಿದರು, ಕೈಯಲ್ಲಿದ್ದ ಚಿತ್ರ ಮತ್ತು ಧಾರಾವಾಹಿಗಳಿಂದ ಅವರು ಹೊರಬಿದ್ದರು. 2022ರಲ್ಲಿ ನ್ಯೂಯಾರ್ಕಿನ ಸಿವಿಲ್ ಮೊಕದ್ದಮೆಯೊಂದರಲ್ಲಿ ತೀರ್ಪು ಅವರ ಪರವಾಗಿ ಬಂತು, 2023ರಲ್ಲಿ ಲಂಡನ್ನಿನ ನ್ಯಾಯಾಲಯದಲ್ಲಿ ಖುಲಾಸೆಯಾದರು. ಇದೆಲ್ಲ ತಿಳಿದ ಮೇಲೆ ಚಿತ್ರ ನೋಡುವುದು ಬೇಡವೆನಿಸಿದರೆ ಬಿಟ್ಟುಬಿಡಿ. ನೋಡುವವರು ಈ ಸಂಗತಿ ಗೊತ್ತಿದ್ದೇ ನೋಡಲಿ.

ಹೆಜ್ಜೆ 9: ಕೊನೆಯ ಹದಿನೈದು ನಿಮಿಷಕ್ಕೆ ಹಿಂತಿರುಗಿ

ಗುಂಡಿನ ಸದ್ದನ್ನು ಚಿತ್ರ ಒಂದಕ್ಕಿಂತ ಹೆಚ್ಚು ಸಲ ಕೇಳಿಸುತ್ತದೆ. ಮಹಡಿಯಲ್ಲಿ ಜೇನ್ ಮತ್ತು ರಿಕಿ, ಕನ್ನಡಿಯ ಮುಂದೆ ಏಂಜೆಲಾ, ಮಳೆಯಲ್ಲಿ ಮನೆಯತ್ತ ಬರುತ್ತಿರುವ ಕ್ಯಾರೊಲಿನ್, ಆಮೇಲೆ ನೆತ್ತರು ಮೆತ್ತಿದ ಅಂಗಿಯ ಕರ್ನಲ್. ಕ್ಯಾರೊಲಿನ್‌ಳ ಕೈಚೀಲದಲ್ಲೂ ಪಿಸ್ತೂಲಿತ್ತು. ಅವಳು ಅದನ್ನು ಮರೆಮಾಡಿ, ಬೀರುವಿನಲ್ಲಿ ನೇತುಹಾಕಿದ ಗಂಡನ ಬಟ್ಟೆಗಳನ್ನು ಬಾಚಿ ತಬ್ಬಿಕೊಂಡು ಕುಸಿಯುತ್ತಾಳೆ. ಸತ್ತವನ ಕಂಠ ಅದೇ ಹೊತ್ತಿನಲ್ಲಿ ನೆಮ್ಮದಿಯಿಂದ ಮಾತನಾಡುತ್ತಿರುತ್ತದೆ: ಬಾಲ್ಯದ ನಕ್ಷತ್ರ, ಹಳದಿ ಎಲೆ, ಅಜ್ಜಿಯ ಕೈ, ದಾಯಾದಿಯ ಹೊಸ ಫೈರ್‌ಬರ್ಡ್. ಆ ಕೆಂಪು ಕಾರು ಎಲ್ಲಿಂದ ಬಂತೆಂದು ಈಗ ತಿಳಿಯುತ್ತದೆ. ನೆನಪಿನ ಸಾಲಿನ ಕೊನೆಗೆ ಮಗಳು, ಆಮೇಲೆ ನಗುತ್ತಿರುವ ಕ್ಯಾರೊಲಿನ್. ಧ್ವನಿ ಆರಿಸಿ ಈ ಭಾಗವನ್ನು ಒಮ್ಮೆ ನೋಡಿ. ಮಾತಿನ ಮುಲಾಮು ಇಲ್ಲದಿದ್ದಾಗ ಉಳಿಯುವುದು ಬಟ್ಟೆ ತಬ್ಬಿಕೊಂಡ ಹೆಂಗಸು.

ಬರೆದ ಚಿತ್ರಕಥೆಯಲ್ಲಿ ಅಂತ್ಯ ಬೇರೆಯೇ ಇತ್ತು. ಜೇನ್ ಮತ್ತು ರಿಕಿಯ ಮೇಲೆ ಕೊಲೆಯ ಆರೋಪ ಬಂದು ವಿಚಾರಣೆಯಾಗಿ ಶಿಕ್ಷೆಯಾಗುವ ಭಾಗವನ್ನು ಮೆಂಡಿಸ್ ಚಿತ್ರೀಕರಿಸಿ, ಸಂಕಲನದಲ್ಲಿ ತೆಗೆದುಹಾಕಿದರು. ಅಪ್ಪನನ್ನು ಕೊಲ್ಲುವ ಬಗ್ಗೆ ಜೇನ್ ವಿಡಿಯೊದಲ್ಲಿ ಮಾತನಾಡುವ ತುಣುಕು ಚಿತ್ರದ ಮೊದಲಲ್ಲೇ ಏಕೆ ಇದೆ ಎಂದು ಗೊಂದಲವಾಗಿದ್ದರೆ ಕಾರಣ ಇದು, ಬಿದ್ದುಹೋದ ಕಟ್ಟಡದ ಮೆಟ್ಟಿಲು.

ಹೆಜ್ಜೆ 10: ಗುಂಪಿನಲ್ಲಿ ಚರ್ಚಿಸುವುದಾದರೆ, ಆಮೇಲೆ ಏನು

ಫಿಲ್ಮ್ ಸೊಸೈಟಿಯಲ್ಲೋ ಓದುಗರ ಬಳಗದಲ್ಲೋ ತೋರಿಸುವುದಾದರೆ ಲೆಸ್ಟರ್ ಸರಿಯೋ ತಪ್ಪೋ ಎಂಬ ಪ್ರಶ್ನೆಯಿಂದ ಶುರು ಮಾಡಬೇಡಿ, ಅರ್ಧ ಗಂಟೆ ಅದೇ ನುಂಗುತ್ತದೆ. ಯಾರ ಯಾವ ನೋವನ್ನು ಮನೆಯ ಇನ್ನೊಬ್ಬರು ನೋಡಲೇ ಇಲ್ಲ ಎಂದು ಪ್ರತಿಯೊಬ್ಬರೂ ಒಂದು ದೃಶ್ಯ ಹೆಸರಿಸಲಿ. ಚರ್ಚೆ ತಾನಾಗಿ ಸಾಗುತ್ತದೆ, ಮತ್ತು ಮಾತು ಸಿನಿಮಾ ಬಿಟ್ಟು ಸ್ವಂತ ಮನೆಗಳತ್ತ ಹೊರಳುವ ಹೊತ್ತನ್ನು ನಡೆಸಿಕೊಡುವವರು ಗಮನಿಸಿ ಕಾಫಿಗೆ ಕಳಿಸಬೇಕು.

ಮುಂದೆ ನೋಡಲು ಎರಡು ಚಿತ್ರಗಳು. ಸತ್ತವನು ಕಥೆ ಹೇಳುವ ತಂತ್ರದ ಹಳೆಯ ಮಾದರಿ ಬೇಕಾದವರಿಗೆ ಬಿಲ್ಲಿ ವೈಲ್ಡರ್ ಅವರ 1950ರ ‘ಸನ್‌ಸೆಟ್ ಬುಲೆವಾರ್ಡ್’. ಅಲ್ಲಿ ಹೆಣ ಈಜುಕೊಳದಲ್ಲಿ ತೇಲುತ್ತ ಮಾತನಾಡುತ್ತದೆ. ಕ್ಯಾರೊಲಿನ್‌ಳಿಗೆ ಅನ್ಯಾಯವಾಯಿತೆಂದು ಅನಿಸಿದವರಿಗೆ ಮೆಂಡಿಸ್ ಅವರೇ 2008ರಲ್ಲಿ ಮಾಡಿದ ‘ರೆವಲ್ಯೂಷನರಿ ರೋಡ್’. 1950ರ ದಶಕದ ಕನೆಕ್ಟಿಕಟ್ ಉಪನಗರ, ಮತ್ತದೇ ಗಂಡ ಹೆಂಡತಿ, ಆದರೆ ಈ ಸಲ ಉಸಿರುಕಟ್ಟುವಿಕೆ ಹೆಂಡತಿಯ ಕಡೆಯಿಂದಲೂ ಕಾಣುತ್ತದೆ. ಎರಡನ್ನೂ ಒಂದೇ ವಾರದಲ್ಲಿ ನೋಡಬೇಡಿ. ‘ರೆವಲ್ಯೂಷನರಿ ರೋಡ್’ನಲ್ಲಿ ನಗಲು ಹೆಚ್ಚು ಜಾಗವಿಲ್ಲ.